ಹೆಳವಪ್ಪನ ವಹಿಯಲ್ಲಿ ಮಗಳ ಹೆಸರು ಎಲ್ಲಿ?

ರೋಣ: ಸುಗ್ಗಿ ಮುಗಿದು ಕಣದ ಜೋಳ ಮನೆ ಸೇರಿದ ಮೇಲೆ ನಮ್ಮ ಭಾಗದ ಹಳ್ಳಿಗಳಿಗೆ ಒಬ್ಬ ಅತಿಥಿ ಬರುವುದುಂಟು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದ, ಈಗ ಟೆಂಪೋದಲ್ಲಿ, ಇಲ್ಲವೇ ಮೋಟಾರ್ ಸೈಕಲ್ ಮೇಲೆ ಬರುತ್ತಾನೆ. ಬಗಲಲ್ಲಿ ಬಟ್ಟೆ ಸುತ್ತಿದ ದಪ್ಪನೆಯ ವಹಿ. ಅವನು ಹೆಳವ. ನಿಮ್ಮ ಅಜ್ಜನ ಅಜ್ಜನ ಹೆಸರು ನಿಮಗೆ ಗೊತ್ತಿರಲಿಕ್ಕಿಲ್ಲ, ಅವನಿಗೆ ಗೊತ್ತು!

"ನದಿ ಮೂಲ, ಋಷಿ ಮೂಲ ಕೇಳಬ್ಯಾಡ್ರಿ" ಅಂತ ಗಾದೆ ಐತಿ. ಆದರೆ ಮನೆತನದ ಮೂಲ ಕೇಳಲಿಕ್ಕೆ ಯಾವ ಅಡ್ಡಿಯೂ ಇಲ್ಲ. ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ತಾಲೂಕುಗಳ ಒಕ್ಕಲು ಮನೆತನಗಳಿಗೆ ಅದನ್ನು ಹೇಳಿಕೊಡುವ ಸಾಲಿ ಅಂದರೆ ಹೆಳವರ ವಹಿ ಒಂದೇ. ಈಗ ಆ ಸಾಲಿಯ ಬಾಗಿಲು ಅರ್ಧ ಮುಚ್ಚಿದೆ. ಪೂರ್ತಿ ಮುಚ್ಚುವ ಮೊದಲು ಮನೆಮನೆಯವರು ಮಾಡಬೇಕಾದ ಕೆಲಸ ಏನಾದರೂ ಇದೆಯೇ? ಇದೆ. ಆ ವಹಿಯಲ್ಲೇ ತಿದ್ದಬೇಕಾದ ಒಂದು ಕೊರತೆಯೂ ಇದೆ.

ಎತ್ತು, ಗಂಟೆ, ಕಂಬಳಿ

ಹೆಳವ ಅಂದರೆ ಕುಂಟ ಎಂದು ಅರ್ಥ. ಕುಂಟರಲ್ಲದಿದ್ದರೂ ಎತ್ತಿನ ಮೇಲೆ ಕುಳಿತು ಕಾಲು ಕಾಣದಂತೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಊರು ಹೊಗುವುದು ಅವರ ಹಳೆಯ ಪದ್ಧತಿ. 1909ರಲ್ಲಿ ಎಡ್ಗರ್ ಥರ್ಸ್ಟನ್ ಎಂಬ ಇಂಗ್ಲಿಷ್ ಅಧಿಕಾರಿ ಹೊರತಂದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಗ್ರಂಥದಲ್ಲೂ ಹೆಳವರ ಪ್ರಸ್ತಾಪ ಇದೆ. ಬಳ್ಳಾರಿ, ಮೈಸೂರು ಸೀಮೆಯ ಊರುಗಳ ಚರಿತ್ರೆ ಕಾಯುವವರು, ಮನೆಮನೆಗೆ ಹೋಗಿ ಮನೆತನದ ಕಥೆ, ಯುದ್ಧದಲ್ಲಿ ಮಡಿದ ವೀರರ ಹೆಸರು ಹೇಳುವವರು ಎಂದು ಅದರಲ್ಲಿ ಬರೆದಿದ್ದಾರೆ.

ಪ್ರತಿ ಹೆಳವ ಮನೆತನಕ್ಕೂ ಇಂತಿಂಥ ಊರು, ಇಂತಿಂಥ ಮನೆ ಎಂದು ಹಕ್ಕು ಗೊತ್ತು ಮಾಡಿರುತ್ತದೆ. ಅಣ್ಣತಮ್ಮಂದಿರು ಬ್ಯಾರೆ ಆದಾಗ ಹೊಲ ಹಂಚಿಕೊಂಡಂತೆ ಊರುಗಳನ್ನೂ ಹಂಚಿಕೊಳ್ಳುತ್ತಾರೆ. ಒಬ್ಬರ ಹಕ್ಕಿನ ಮನೆಗೆ ಇನ್ನೊಬ್ಬರು ಹೋಗುವಂತಿಲ್ಲ. ಕೆಲವು ಮನೆಗೆ ಎರಡು ಮೂರು ವರ್ಷಕ್ಕೊಮ್ಮೆ ಬಂದರೆ, ಕೆಲವು ಮನೆಗೆ ಇನ್ನೂ ತಡವಾಗಿ.

ಬಂದವನಿಗೆ ಕಟ್ಟೆಯ ಮೇಲೆ ಕಂಬಳಿ ಹಾಸುತ್ತಾರೆ. ಅಣ್ಣತಮ್ಮಂದಿರ ಮನೆಗಳವರೆಲ್ಲ ಕೂಡಿ ಕುಳಿತ ಮೇಲೆ ವಹಿ ಬಿಚ್ಚುತ್ತಾನೆ. ಮೂಲಪುರುಷ ಯಾರು, ಯಾವ ಊರಿಂದ ಬಂದ, ಯಾಕೆ ಬಂದ, ಮನೆದೇವರು ಯಾವುದು, ಯಾರಿಗೆ ಎಷ್ಟು ಮಕ್ಕಳು ಎಂದು ರಾಗವಾಗಿ ಓದುತ್ತ ಇಳಿದು ಬರುತ್ತಾನೆ. ಕೊನೆಗೆ ಕಳೆದ ಸಲ ಬಂದು ಹೋದ ಮೇಲೆ ಹುಟ್ಟಿದವರನ್ನು ಸೇರಿಸಿ, ಸತ್ತವರನ್ನು ಗುರುತು ಹಾಕಿಕೊಳ್ಳುತ್ತಾನೆ. ಮನೆಯವರು ಜೋಳ, ಬಟ್ಟೆ, ರೊಕ್ಕ ಕೊಡುತ್ತಾರೆ. ಉಳ್ಳವರ ಮನೆಯಿಂದ ಆಕಳು, ಹೋರಿಕರು ಕೊಟ್ಟು ಕಳಿಸುವ ಪದ್ಧತಿಯೂ ಇತ್ತು.

ಹೆಳವನ ಮಗ ಈ ವಿದ್ಯೆ ಕಲಿಯುವುದು ಅಪ್ಪನ ಹಿಂದೆ ತಿರುಗಿ. ಕೇಳಬೇಕು, ಬಾಯಿಪಾಠ ಮಾಡಬೇಕು, ಹರಿದ ಹಾಳೆಯನ್ನು ಹೊಸ ವಹಿಗೆ ಇಳಿಸಬೇಕು. ಇದಕ್ಕೆ ಪರೀಕ್ಷೆ ಇಲ್ಲ, ಸರ್ಟಿಫಿಕೇಟೂ ಇಲ್ಲ. ಈಗಿನ ಹುಡುಗರು ಕಾಲೇಜು, ನೌಕರಿ, ವ್ಯಾಪಾರ ಎಂದು ಬೇರೆ ದಾರಿ ಹಿಡಿದಿದ್ದಾರೆ. ಅವರನ್ನು ತಪ್ಪು ಅನ್ನಲಿಕ್ಕೆ ಬರುವುದಿಲ್ಲ. ವರ್ಷವೆಲ್ಲ ಊರೂರು ತಿರುಗಿ ದಾನದ ಜೋಳಕ್ಕೆ ಕೈ ಒಡ್ಡುವ ಬದುಕನ್ನು ತನ್ನ ಮಗನೂ ಮಾಡಲಿ ಎಂದು ಯಾವ ತಂದೆ ಬಯಸುತ್ತಾನೆ?

ಎಷ್ಟನೆಯ ಕಳಕಪ್ಪ?

ಗಜೇಂದ್ರಗಡ, ರೋಣದ ಕಡೆ ಕಳಕಪ್ಪ, ಕಳಕವ್ವ ಎಂಬ ಹೆಸರು ಓಣಿಗೆ ನಾಲ್ಕು ಸಿಗುತ್ತವೆ. ಗಜೇಂದ್ರಗಡದ ಹತ್ತಿರ ಗುಡ್ಡದಲ್ಲಿರುವ ಕಾಲಕಾಲೇಶ್ವರನ ಹೆಸರದು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ವಾಡಿಕೆ. ಹೀಗಾಗಿ ಒಂದೇ ಮನೆತನದಲ್ಲಿ ಮೇಲೊಬ್ಬ ಕಳಕಪ್ಪ, ನಡುವೆ ಒಬ್ಬ, ಕೆಳಗೊಬ್ಬ. ಜಮೀನಿನ ಕಾಗದದಲ್ಲಿ "ಕಳಕಪ್ಪ ತಂದೆ ಬಸಪ್ಪ" ಎಂದು ಇದ್ದರೆ ಯಾವ ಕಳಕಪ್ಪ? ಎಷ್ಟನೆಯ ಬಸಪ್ಪ? ಈ ಗಂಟು ಬಿಡಿಸಲು ಇಡೀ ಸಾಲು ಬೇಕು. ಅದು ವಹಿಯಲ್ಲಿ ಸಿಗುತ್ತದೆ.

ಅಡ್ಡಹೆಸರೂ ಒಂದು ದಾರಿಗುರುತು. ಸೂಡಿ, ನರೇಗಲ್ಲ, ಅಬ್ಬಿಗೇರಿ ಎಂದು ಊರ ಹೆಸರನ್ನೇ ಅಡ್ಡಹೆಸರಾಗಿ ಹೊತ್ತವರು ಬೇರೆ ಊರುಗಳಲ್ಲಿ ಸಿಗುತ್ತಾರೆ. ಆ ಊರಲ್ಲೇ ಇದ್ದವರನ್ನು ಆ ಊರ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಅಂದಮೇಲೆ ಯಾವುದೋ ಕಾಲಕ್ಕೆ ಹಿರಿಯನೊಬ್ಬ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಂದ ಹೊರಟ ಎಂದೇ ಅರ್ಥ.

ಯಾಕೆ ಹೊರಟ? ಒಮ್ಮೊಮ್ಮೆ ಅಣ್ಣತಮ್ಮಂದಿರ ಜಗಳ, ಒಮ್ಮೊಮ್ಮೆ ಬರ. 1876ರಿಂದ 1878ರ ವರೆಗಿನ ದೊಡ್ಡ ಬರ ನಮ್ಮ ಭಾಗವನ್ನು ಅರೆದು ಹಾಕಿತು. ಆಗಿನ ಧಾರವಾಡ ಜಿಲ್ಲೆಯ ಜನಸಂಖ್ಯೆ 1872ರ ಗಣತಿಯಲ್ಲಿ ಸುಮಾರು 9 ಲಕ್ಷ 88 ಸಾವಿರ ಇದ್ದದ್ದು 1881ರಲ್ಲಿ ಸುಮಾರು 8 ಲಕ್ಷ 83 ಸಾವಿರಕ್ಕೆ ಇಳಿಯಿತು. ಒಂದು ಲಕ್ಷಕ್ಕೂ ಹೆಚ್ಚು ಮಂದಿ ಕಡಿಮೆ! ಸತ್ತವರೆಷ್ಟು, ಊರು ಬಿಟ್ಟವರೆಷ್ಟು? ಸರಕಾರದ ಪುಸ್ತಕ ತಲೆ ಎಣಿಸಿತು, ಹೆಸರು ಬರೆಯಲಿಲ್ಲ. ಊರು ಬಿಟ್ಟವರ ಹೆಸರು ಹುಡುಕಬೇಕಾದರೆ ಇಂಥ ಮನೆತನದ ವಹಿಯಲ್ಲೇ ಹುಡುಕಬೇಕು.

ವಾರಸ ಇಲ್ಲದ್ದಕ್ಕೆ ಹೋದ ಸಂಸ್ಥಾನ

ವಂಶದ ಮಾತು ಬರೀ ಅಭಿಮಾನದ ಮಾತಲ್ಲ ಎಂಬುದಕ್ಕೆ ನರಗುಂದದ ಗುಡ್ಡವೇ ಸಾಕ್ಷಿ. ನರಗುಂದ ಸಂಸ್ಥಾನದ ಭಾಸ್ಕರರಾವ ಭಾವೆ, ಅಂದರೆ ಜನ ಕರೆಯುವ ಬಾಬಾಸಾಹೇಬ, ಗಂಡುಸಂತಾನ ಇಲ್ಲದ್ದರಿಂದ ದತ್ತಕ ತೆಗೆದುಕೊಳ್ಳಲು ಇಂಗ್ಲಿಷರ ಒಪ್ಪಿಗೆ ಕೇಳಿದರು. ಒಪ್ಪಿಗೆ ಸಿಗಲಿಲ್ಲ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಕೊಲೆಯಾದ. ಕೆಲವೇ ದಿನಗಳಲ್ಲಿ ಕೋಟೆ ಬಿತ್ತು. ಬಾಬಾಸಾಹೇಬರನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ವಂಶಾವಳಿಯ ಕೊನೆಗೆ ಒಂದು ಹೆಸರು ಬರೆಯಬೇಕೋ ಬೇಡವೋ ಎಂಬ ತಕರಾರು ಒಂದು ಸಂಸ್ಥಾನವನ್ನೇ ನುಂಗಿತು. ಇಂದು ಅದೇ ತಕರಾರು ನಾಲ್ಕು ಎಕರೆ ಎರೆಹೊಲದ ಮೇಲೆ ಮನೆಮನೆಯಲ್ಲಿ ನಡೆಯುತ್ತಿದೆ.

ಮಗಳು ಯಾಕಿಲ್ಲ?

ಇಲ್ಲೇ ಆ ಕೊರತೆಯ ಮಾತು ಬರುತ್ತದೆ. ಹೆಳವರ ವಹಿ ನಡೆಯುವುದು ಹೆಚ್ಚಾಗಿ ಗಂಡುಸಂತಾನದ ಸಾಲಿನಲ್ಲಿ. ತಂದೆ, ಮಗ, ಮೊಮ್ಮಗ. ಕೊಟ್ಟ ಮನೆಗೆ ಹೋದ ಮಗಳು ಆ ಸಾಲಿನಿಂದ ಜಾರಿ ಹೋಗುತ್ತಾಳೆ. ಇದು ಹೆಳವ ಒಬ್ಬನ ತಪ್ಪಲ್ಲ. ಮನೆಯವರು ಹೇಳಿದ್ದನ್ನು ಅವನು ಬರೆದುಕೊಳ್ಳುತ್ತಾನೆ. "ಆಕಿ ಹೆಸರು ಯಾಕ ಬಿಡ್ರಿ, ಕೊಟ್ಟ ಹೆಣ್ಣು ಕುಲದ ಹೊರಗ" ಅಂದವರು ಮನೆಯವರೇ!

ಆದರೆ ಕಾಯ್ದೆ ಬದಲಾಗಿ ಬಹಳ ದಿನ ಆಯಿತು. ಕರ್ನಾಟಕ ಸರಕಾರ ಹಿಂದೂ ವಾರಸಾ ಕಾಯ್ದೆಗೆ ತಂದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಪಾಲು ಎಂದಿತು, ಆದರೆ ಅದಕ್ಕೂ ಮೊದಲೇ ಲಗ್ನವಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಜಾರಿಯಾಗಿ, ಲಗ್ನವಾಗಲಿ ಆಗದಿರಲಿ ಮಗಳು ಮಗನಂತೆಯೇ ಹುಟ್ಟಿನಿಂದ ಹಕ್ಕುದಾರಳು ಎಂದಾಯಿತು. ಆ ದಿನ ತಂದೆ ಬದುಕಿರಬೇಕೆಂಬ ಕರಾರು ಇಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕಾಯ್ದೆಶೀರ ವಾಟ್ನಿ ಮುಗಿದಿದ್ದರೆ ಮಾತ್ರ ಅದನ್ನು ಕೆದಕುವ ಹಾಗಿಲ್ಲ.

ಹೀಗಿದ್ದೂ ಅಪ್ಪ ತೀರಿದ ಮೇಲೆ ವಾರಸಾ ಹಚ್ಚಲು ನಾಡಕಚೇರಿಗೆ ಕೊಡುವ ವಂಶಾವಳಿಯಲ್ಲಿ ಅಕ್ಕತಂಗಿಯರ ಹೆಸರು ನುಂಗುವ ಚಾಳಿ ಇನ್ನೂ ನಿಂತಿಲ್ಲ. ಮೂರು ಮಂದಿ ಮಕ್ಕಳು ಎಂದು ಬರೆದುಕೊಡುತ್ತಾರೆ, ಊರಿಗೆಲ್ಲ ಗೊತ್ತು ಐದು ಮಂದಿ ಎಂದು! ಮುಂದೆ ಹೊಲ ಮಾರಲು ಹೋದಾಗ, ಇಲ್ಲವೇ ರಸ್ತೆಗೆ ಹೋದ ಜಮೀನಿನ ಪರಿಹಾರದ ರೊಕ್ಕ ಬಂದಾಗ ಬಿಟ್ಟ ಹೆಸರು ಎದ್ದು ನಿಲ್ಲುತ್ತದೆ. ಆಮೇಲೆ ಕೋರ್ಟು, ವಕೀಲರ ಫೀಜು, ವರ್ಷಗಟ್ಟಲೆ ತಾರೀಖು. ಹೊಲದ ಪಾಲಿಗಿಂತ ದೊಡ್ಡ ಹಾನಿ ಇನ್ನೊಂದು. ಪಂಚಮಿಗೆ ತವರಿಗೆ ಬರುತ್ತಿದ್ದ ತಂಗಿ ಬರುವುದನ್ನೇ ಬಿಡುತ್ತಾಳೆ.

ತಾಮ್ರಪಟವೂ ಸುಳ್ಳು ಹೇಳೀತು

ಬರೆದದ್ದೆಲ್ಲ ಖರೆ ಎಂದು ನಂಬಲಿಕ್ಕೂ ಬಾರದು. ಸೂಡಿಯಲ್ಲಿ ಸಿಕ್ಕ ಒಂದು ತಾಮ್ರಪಟ ಇದೆ. ಗಂಗರ ಬೂತುಗ ಅರಸ ಕ್ರಿ.ಶ. 938ರಲ್ಲಿ ಕೊಟ್ಟದ್ದು ಎಂದು ಅದು ಹೇಳಿಕೊಳ್ಳುತ್ತದೆ, ಗಂಗರ ವಂಶಾವಳಿಯನ್ನೂ ಕೊಡುತ್ತದೆ. ಅದನ್ನು ಓದಿ ಅಚ್ಚು ಹಾಕಿಸಿದ ವಿದ್ವಾಂಸ ಫ್ಲೀಟ್ ಸಾಹೇಬರು ಇದು ಆಮೇಲೆ ಹುಟ್ಟಿಸಿದ ಪಟ ಎಂದು ತೀರ್ಮಾನಿಸಿದರು. ಅರಸರ ತಾಮ್ರಪಟಕ್ಕೇ ಹಾಗಾದರೆ ಕಾಗದದ ವಹಿಯ ಪಾಡೇನು? ಮನೆಯವರನ್ನು ಸಂತೋಷಪಡಿಸಲು ಒಬ್ಬ ಶೂರನನ್ನು ಸೇರಿಸುವುದು, ನಾಚಿಕೆಯ ಸಂಗತಿ ಬಿಡುವುದು ಎಲ್ಲ ಕಾಲಕ್ಕೂ ಇದ್ದದ್ದೇ. ಆದ್ದರಿಂದ ವಹಿಯನ್ನು ಬೇರೆ ಕಾಗದದ ಜೊತೆ ತಾಳೆ ನೋಡಬೇಕು.

ಪರದೇಶದ ಪಾಠ

ಅಮೆರಿಕದ ಯೂಟಾದಲ್ಲಿ 1894ರಲ್ಲೇ ವಂಶಾವಳಿಗಾಗಿ ಒಂದು ಸಂಘ ಹುಟ್ಟಿತು. ಅದರ ಮಂದಿ ಹರಿದ್ವಾರದ ತನಕ ಬಂದು, ಅಲ್ಲಿನ ಪಂಡಾಗಳು ಯಾತ್ರಿಕರ ಹೆಸರು ಬರೆದಿಟ್ಟ ವಹಿಗಳನ್ನು 1977ರಿಂದ ಫಿಲ್ಮಿನ ಮೇಲೆ ಇಳಿಸಿಕೊಂಡರು. ಪರದೇಶದ ಇಂಥ ಸಂಘಗಳು ತಿಂಗಳಿಗೊಮ್ಮೆ ಸಭೆ ಕರೆಯುತ್ತವೆ, ಹಳೆಯ ಕಾಗದ ಓದುವುದನ್ನು ಕಲಿಸುತ್ತವೆ, ಸ್ಮಶಾನದ ಕಲ್ಲಿನ ಹೆಸರು ಪಟ್ಟಿ ಮಾಡುತ್ತವೆ, ಹೊಸಬರನ್ನು ಕೂಡಿಸಿಕೊಂಡು ಮನೆತನದ ಗಿಡ ಬರೆಯಿಸುತ್ತವೆ. ಅದಕ್ಕೆ ಏಳು ಸಮುದ್ರ ದಾಟಬೇಕಿಲ್ಲ. ಊರ ಗ್ರಂಥಾಲಯ, ಸಾಲಿ, ಮಠ, ಯುವಕ ಸಂಘ ಯಾವುದಾದರೂ ಒಂದು ಮನಸ್ಸು ಮಾಡಿದರೆ ನಮ್ಮಲ್ಲೂ ಆದೀತು. ಹೆಳವನನ್ನು ಕರೆಸಿ, ಅವನ ಆ ದಿನದ ಕೂಲಿ ಕೊಟ್ಟು, ಹುಡುಗರ ಮುಂದೆ ವಹಿ ಓದಿಸಿದರೆ ಅದಕ್ಕಿಂತ ಒಳ್ಳೆಯ ಇತಿಹಾಸದ ಪಾಠ ಇನ್ನೊಂದಿಲ್ಲ.

ಮನೆಯವರು ಮಾಡಬೇಕಾದ್ದು

ಮೊದಲು, ಮನೆಯ ಹಿರಿಯರನ್ನು ಕೂಡಿಸಿ ಕೇಳಬೇಕು. ಅಜ್ಜನಿಗಿಂತ ಅಜ್ಜಿಯನ್ನು ಕೇಳುವುದು ಲೇಸು. ಯಾರ ಮಗಳನ್ನು ಯಾವ ಊರಿಗೆ ಕೊಟ್ಟರು, ಯಾವ ಕೂಸು ತೊಟ್ಟಿಲಲ್ಲೇ ಹೋಯಿತು ಎಂಬುದು ಆಕೆಗೇ ಗೊತ್ತು. ಕೈಯಲ್ಲಿ ಮೊಬೈಲ್ ಇದ್ದವರು ಆ ಮಾತನ್ನು ಹಿಡಿದಿಟ್ಟುಕೊಳ್ಳಬೇಕು.

ಎರಡನೆಯದು, ಹೆಳವ ಬಂದಾಗ ಹತ್ತು ರೂಪಾಯಿ ಕೊಟ್ಟು ಸಾಗಹಾಕಬಾರದು. ಕೂಡಿಸಿ ಪೂರ್ತಿ ಓದಿಸಬೇಕು, ಒಂದು ನಕಲು ಬರೆದುಕೊಳ್ಳಬೇಕು. ಫೋಟೊ ತೆಗೆಯುವುದಾದರೆ ಅವನ ಒಪ್ಪಿಗೆ ಕೇಳಬೇಕು, ತಕ್ಕ ದಕ್ಷಿಣೆ ಕೊಡಬೇಕು. ಆ ವಹಿ ಅವನ ಹೊಟ್ಟೆಪಾಡು. ಅದೇ ಹೊತ್ತಿಗೆ ಹೆಣ್ಣುಮಕ್ಕಳ ಹೆಸರು, ಕೊಟ್ಟ ಊರು ಎಲ್ಲ ಹೇಳಿ ಬರೆಯಿಸಬೇಕು.

ಮೂರನೆಯದು, ಸರಕಾರದ ಕಾಗದ. ನಮ್ಮ ಭಾಗ ಮುಂಬೈ ಇಲಾಖೆಗೆ ಸೇರಿದ್ದರಿಂದ ಜಮೀನಿನ ಹಕ್ಕುದಾಖಲೆ 1903ರ ಮುಂಬೈ ಕಾಯ್ದೆಯಿಂದ ಶುರುವಾದದ್ದು. ಹಳೆಯ ಪಹಣಿ, ವಾರಸಾ ನೋಂದು ಇವುಗಳಲ್ಲಿ ಯಾರು ಯಾವಾಗ ತೀರಿದರು, ಯಾರ ಹೆಸರು ಏರಿತು ಎಂಬುದು ಸಿಗುತ್ತದೆ. ಗಜೇಂದ್ರಗಡ ಈಗ ಬೇರೆ ತಾಲೂಕು, ಆದರೆ ಅದು ರೋಣ ತಾಲೂಕಿನಲ್ಲಿದ್ದ ಕಾಲದ ಕಾಗದಕ್ಕೆ ರೋಣದಲ್ಲಿ ವಿಚಾರಿಸಬೇಕು. ಗದಗ ಜಿಲ್ಲೆ ಆದದ್ದು 1997ರಲ್ಲಿ, ಅದಕ್ಕೂ ಹಿಂದಿನದಕ್ಕೆ ಧಾರವಾಡದ ದಾರಿ ಹಿಡಿಯಬೇಕಾದೀತು. ಸಾಲಿಯ ದಾಖಲೆ, ಲಗ್ನಪತ್ರಿಕೆ, ಮನೆದೇವರ ಗುಡಿಯ ದಾನದ ಕಲ್ಲು ಇವನ್ನೂ ಬಿಡಬಾರದು.

ನಾಲ್ಕನೆಯದು, ಜಗಳ ಹುಟ್ಟುವ ಮೊದಲೇ ಬರೆಯಬೇಕು. ಇದು ಕಾಯ್ದೆಯ ಮಾತೂ ಹೌದು. ಸಂಬಂಧ ತಿಳಿದಿದ್ದ ಹಿರಿಯ ತಕರಾರು ಏಳುವ ಮೊದಲು ಹೇಳಿದ್ದು, ಬರೆದಿಟ್ಟದ್ದು ಅವನು ತೀರಿದ ಮೇಲೂ ಸಾಕ್ಷ್ಯಕ್ಕೆ ಬರುತ್ತದೆ ಎಂದು 1872ರ ಸಾಕ್ಷ್ಯ ಕಾಯ್ದೆ ಹೇಳಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದು ಉಳಿದಿದೆ. ದಾವೆ ಹಾಕಿದ ಮೇಲೆ ಹುಟ್ಟುವ ವಂಶಾವಳಿಗೆ ಆ ತೂಕ ಇರುವುದಿಲ್ಲ.

ಹೆಳವರ ಎತ್ತು ಹೋಯಿತು, ಗಂಟೆ ಹೋಯಿತು. ಅದಕ್ಕೆ ಮರುಗಿ ಫಲವಿಲ್ಲ. ಅವರ ಹುಡುಗರು ಸಾಲಿ ಕಲಿತು ಮುಂದೆ ಬರಲಿ. ಆದರೆ ಅವರ ಮುತ್ತಾತಂದಿರು ಊರೂರು ಅಲೆದು ಕೂಡಿಸಿಟ್ಟ ಹೆಸರುಗಳು ಗೆದ್ದಲಿಗೆ ಹೋಗಬಾರದು. ಅದನ್ನು ಉಳಿಸುವ ಜವಾಬ್ದಾರಿ ಆ ಹೆಸರುಗಳ ಮೊಮ್ಮಕ್ಕಳದು. ಈ ಸುಗ್ಗಿಗೆ ಹೆಳವಪ್ಪ ಬಾಗಿಲಿಗೆ ಬಂದು ಮಕ್ಕಳೆಷ್ಟು ಮಂದಿ ಎಂದು ಕೇಳಿದರೆ ಐದು ಮಂದಿ ಇದ್ದವರು ಐದು ಎಂದೇ ಹೇಳಿರಿ, ಐದೂ ಹೆಸರು ಬರೆಯಿಸಿರಿ.