ಮೇಲಿನಿಂದ ಕೆಳಕ್ಕೆ ಮಾತ್ರ

ಪಂಕ್ ರಾಕ್ ಗಿಟಾರಿನ ಧ್ವನಿ ಹೇಗಿರಬೇಕು ಎಂಬುದಕ್ಕೆ ಮಾದರಿ ಹಾಕಿಕೊಟ್ಟದ್ದು ನ್ಯೂಯಾರ್ಕಿನ ‘ರಮೋನ್ಸ್’ ತಂಡ 1976ರಲ್ಲಿ ಹೊರತಂದ ಮೊದಲ ಆಲ್ಬಂ. 14 ಹಾಡು, ಎಲ್ಲ ಸೇರಿದರೂ ಅರ್ಧ ಗಂಟೆ ತುಂಬದು. ಗಿಟಾರ್ ಸೋಲೊ ಎಂಬುದು ಅದರಲ್ಲಿ ಇಲ್ಲವೆಂದೇ ಹೇಳಬೇಕು. ಜಾನಿ ರಮೋನ್ (1948–2004) ಉದ್ದಕ್ಕೂ ಕಾರ್ಡ್‌ಗಳನ್ನೇ ಬಾರಿಸುತ್ತಾನೆ. ಆ ಧ್ವನಿಯನ್ನು ಮತ್ತೆ ಹೊರಡಿಸಲು ಬಯಸುವವರು ಸಾಮಾನ್ಯವಾಗಿ ಮೊದಲು ಅಂಗಡಿಗೆ ಹೋಗುತ್ತಾರೆ. ಆದರೆ ಗುಟ್ಟು ಹೆಚ್ಚಾಗಿ ಇರುವುದು ಬಲಗೈಯಲ್ಲಿ.

ವೇಗದ ಲಯಕ್ಕೆ ಪಿಕ್ ಅನ್ನು ಕೆಳಕ್ಕೂ ಮೇಲಕ್ಕೂ ಆಡಿಸುವುದು ರೂಢಿ. ಜಾನಿಯದು ಡೌನ್‌ಸ್ಟ್ರೋಕ್ ಮಾತ್ರ. ಕೈ ಮೇಲೆ ಬರುವಾಗ ತಂತಿಗೆ ತಾಗುವುದೇ ಇಲ್ಲ. ಕೆಳಮುಖ ಮೀಟಿನಲ್ಲಿ ದಪ್ಪ ತಂತಿಗಳು ಮೊದಲು ನುಡಿಯುತ್ತವೆ, ಮೇಲ್ಮುಖ ಮೀಟಿನಲ್ಲಿ ಸಣ್ಣವು; ಎರಡೂ ಬೆರೆತರೆ ಒಂದು ಏಟು ಗಡುಸು, ಇನ್ನೊಂದು ಹಗುರ. ಕೆಳಕ್ಕೇ ಹೊಡೆದಾಗ ಎಲ್ಲ ಏಟಿಗೂ ಒಂದೇ ತೂಕ. ನಿಮಿಷಕ್ಕೆ 180 ತಾಳದ ಹಾಡಿನಲ್ಲಿ ತಾಳಕ್ಕೆರಡರಂತೆ ಸೆಕೆಂಡಿಗೆ ಆರು ಏಟು ಬೀಳಬೇಕು. ಮಣಿಕಟ್ಟು ಬಿಗಿಯಾಗಿದ್ದರೆ ಎರಡನೇ ಚರಣಕ್ಕೇ ತೋಳು ಸೋಲುತ್ತದೆ. ಮೆಟ್ರೊನೋಮ್ ಇಟ್ಟುಕೊಂಡು ನಿಧಾನದಿಂದ ಏರಿಸುವುದೊಂದೇ ದಾರಿ.

ಎಡಗೈಯದು ಬಾರ್ ಕಾರ್ಡ್. ತೋರುಬೆರಳು ಆರೂ ತಂತಿಗಳನ್ನು ಅಡ್ಡಲಾಗಿ ಒತ್ತಿರುತ್ತದೆ. ನಂತರದ ಪಂಕ್ ವಾದಕರಲ್ಲಿ ಹಲವರು ಷಡ್ಜ–ಪಂಚಮಗಳಷ್ಟೇ ಇರುವ ಪವರ್ ಕಾರ್ಡ್ ಹಿಡಿದರೆ, ಇಲ್ಲಿ ಗಾಂಧಾರವೂ ಕೇಳಬೇಕು. ಡಿಸ್ಟಾರ್ಷನ್ ಹೆಚ್ಚಿದಷ್ಟೂ ಗಾಂಧಾರ ಉಳಿದ ಸ್ವರಗಳೊಡನೆ ಕಲಸಿ ಬಗ್ಗಡವಾಗುತ್ತದೆ. ಹಾಗಾಗಿ ಗೇನ್ ಗುಂಡಿಯನ್ನು ಪೂರ್ತಿ ತಿರುಗಿಸುವ ಚಪಲ ಈ ಧ್ವನಿಗೆ ಮೊದಲ ಶತ್ರು. ಕಾರ್ಡಿನ ಒಂದೊಂದು ಸ್ವರವೂ ಬಿಡಿಯಾಗಿ ಕೇಳುವಷ್ಟಕ್ಕೇ ನಿಲ್ಲಿಸಬೇಕು.

ಜಾನಿಯ ವಾದ್ಯ ಕ್ಯಾಲಿಫೋರ್ನಿಯಾದ ಸೆಮಿ ಮೋಸ್ಲಿ ಕಟ್ಟಿದ ‘ಮಾಸ್‌ರೈಟ್’ ಕಂಪನಿಯ ವೆಂಚರ್ಸ್ 2. 1974ರಲ್ಲಿ ಕೊಂಡ ನೀಲಿ ಗಿಟಾರಿಗೆ ಕೊಟ್ಟದ್ದು ಸುಮಾರು 50 ಡಾಲರ್, ಅಗ್ಗವೆಂದೇ ಆರಿಸಿದ್ದು. ಅದು ಕಳುವಾದ ಮೇಲೆ ಬಂದ ಬಿಳಿಯದು ತಂಡ ಮುಗಿಯುವವರೆಗೂ ಜೊತೆಗಿತ್ತು, 2021ರಲ್ಲಿ 9 ಲಕ್ಷ ಡಾಲರಿಗೂ ಮಿಕ್ಕಿ ಹರಾಜಾಯಿತು. ಧ್ವನಿಗೆ ಆ ಬೆಲೆ ತೆರಬೇಕಿಲ್ಲ. ಪಿ-90 ಬಗೆಯ ಗಟ್ಟಿ ಸಿಂಗಲ್ ಕಾಯಿಲ್ ಪಿಕಪ್ ಇರುವ ಯಾವ ಗಿಟಾರಾದರೂ ಹತ್ತಿರ ಬರುತ್ತದೆ. ಸ್ವಿಚ್ಚು ಬ್ರಿಡ್ಜ್ ಕಡೆಯ ಪಿಕಪ್‌ಗೆ ಇರಲಿ, ವಾಲ್ಯೂಮ್ ಪೂರ್ತಿ ಇರಲಿ.

ಆಂಪ್ಲಿಫೈಯರ್ ಮಾರ್ಷಲ್, ವಾಲ್ವುಗಳ 100 ವಾಟಿನ ಹೆಡ್, ಕೆಳಗೆ 12 ಇಂಚಿನ ನಾಲ್ಕು ಸ್ಪೀಕರಿನ ಪೆಟ್ಟಿಗೆ. ಆ ಕಾಲದ ಮಾರ್ಷಲ್ ‘ಸೂಪರ್ ಲೀಡ್’ ಮಾದರಿಯಲ್ಲಿ ಮಾಸ್ಟರ್ ವಾಲ್ಯೂಮ್ ಇಲ್ಲ. ಧ್ವನಿ ಒರಟಾಗಬೇಕಾದರೆ ಜೋರು ಮಾಡಲೇಬೇಕು. ಪವರ್ ವಾಲ್ವುಗಳೇ ದಣಿದು ಹೊರಡಿಸುವ ಈ ಒರಟುತನ ಪೆಡಲಿನ ಕರಕರಕ್ಕಿಂತ ಬೇರೆ. ಮನೆಯಲ್ಲಿ 100 ವಾಟ್ ಹಾಕಿದರೆ ನೆರೆಹೊರೆಯವರು ಬಾಗಿಲು ತಟ್ಟುವುದು ಖಂಡಿತ. ಹೆಡ್ಡಿಗೂ ಸ್ಪೀಕರಿಗೂ ನಡುವೆ ಅಟೆನ್ಯುಯೇಟರ್ ಜೋಡಿಸಬಹುದು, ಇಲ್ಲವೇ ಸಾಫ್ಟ್‌ವೇರ್ ಆಂಪ್ ಬಳಸಬಹುದು. ಟ್ರೆಬಲ್, ಮಿಡಲ್ ಧಾರಾಳವಾಗಿರಲಿ, ಬೇಸ್ ಮಿತವಾಗಿರಲಿ. ರಿವರ್ಬ್ ಬೇಡ.

ರೆಕಾರ್ಡಿಂಗಿಗೆ ಶೂರ್ ಎಸ್‌ಎಂ57 ಮೈಕನ್ನು ಸ್ಪೀಕರಿನ ಬಟ್ಟೆಗೆ ಒತ್ತಿ ಇಡುವುದು ವಾಡಿಕೆ. ಕೋನಿನ ನಡುವೆ ಇಟ್ಟರೆ ಧ್ವನಿ ಚೂಪು, ಅಂಚಿಗೆ ಸರಿಸಿದಂತೆ ಮಂದ. ಮೊದಲ ಆಲ್ಬಂನಲ್ಲಿ ಗಿಟಾರ್ ಬಲ ಚಾನಲ್‌ನಲ್ಲಿದೆ, ಡೀ ಡೀ ರಮೋನ್‌ನ ಬೇಸ್ ಎಡದಲ್ಲಿ. ಗಿಟಾರಿನದೆಂದು ಕಿವಿಗೆ ತೋರುವ ಭಾರದಲ್ಲಿ ಒಂದು ಪಾಲು ಆ ಬೇಸಿನದು. ಹೋಲಿಸಿ ನೋಡುವವರು ಬ್ಯಾಲೆನ್ಸ್ ಗುಂಡಿಯನ್ನು ಬಲಕ್ಕೆ ತಿರುಗಿಸಿ, ಗಿಟಾರನ್ನು ಪ್ರತ್ಯೇಕವಾಗಿ ಕೇಳಿಸಿಕೊಂಡು ಆಂಪ್ ಹದ ಮಾಡಿಕೊಳ್ಳಬೇಕು.