ಎರಡು ನಾಯಿಗಳ ಚಿತ್ರ

ಹೋಲಿಕೆಯಿಂದ ನಗೆ ಹುಟ್ಟಿಸುವ ಕಲೆ ನಮ್ಮ ಜನರಿಗೆ ಹೊಸದೇನೂ ಅಲ್ಲ. "ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು" ಎಂದು ನಮ್ಮ ಹಿರಿಯರು ಎರಡು ಪ್ರಾಣಿಗಳನ್ನು ಒಂದೇ ಮಾತಿನಲ್ಲಿ ಹೂಡಿ ನಕ್ಕರು. ತೀರ ಹೊಂದದ ಎರಡನ್ನು ಕಂಡರೆ ಅಜಗಜಾಂತರ ಎನ್ನುತ್ತೇವೆ. ಅಜವೆಂದರೆ ಆಡು, ಗಜವೆಂದರೆ ಆನೆ. ಹಗಲು ಆಡು ಮೇಯಿಸಿ, ರಾತ್ರಿ ಆನೆ ಬಾರದಂತೆ ಹೊಲ ಕಾಯುವ ತಾಳವಾಡಿಯ ರೈತರಿಗೆ ಈ ಅಂತರವನ್ನು ಯಾರೂ ವಿವರಿಸಬೇಕಾಗಿಲ್ಲ.

ಇದೇ ಕಲೆ ಇಂದು 'ಮೀಮ್' ಎಂಬ ಹೆಸರಿನಿಂದ ಮೊಬೈಲ್ ಫೋನುಗಳಲ್ಲಿ ಓಡಾಡುತ್ತಿದೆ. ಈ ಪದವನ್ನು 1976ರಲ್ಲಿ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ ಅವರು 'ದಿ ಸೆಲ್ಫಿಶ್ ಜೀನ್' ಎಂಬ ಗ್ರಂಥದಲ್ಲಿ ರೂಪಿಸಿದರು. ಅನುಕರಣೆಯ ಮೂಲಕ ಒಬ್ಬರಿಂದ ಒಬ್ಬರಿಗೆ ಹರಡುವ ವಿಚಾರ ಎಂಬುದು ಅವರು ಕೊಟ್ಟ ಅರ್ಥ. ನಗೆಚಿತ್ರಗಳಿಗೆ ಈ ಹೆಸರು ಅಂಟಿಕೊಂಡದ್ದು ಅನಂತರ.

ಹೋಲಿಕೆಯ ಮೀಮ್‌ಗಳಲ್ಲಿ ಬಹು ಪ್ರಸಿದ್ಧವಾದುದು ಎರಡು ನಾಯಿಗಳ ಚಿತ್ರ. ಎಡಗಡೆ ಪೈಲ್ವಾನನಂಥ ಮೈಕಟ್ಟಿನ ನಾಯಿ, ಬಲಗಡೆ ಅಳುಮೋರೆ ಹಾಕಿ ಕುಳಿತ ಬಡಪಾಯಿ ನಾಯಿ. ಮೊದಲನೆಯದರ ಮುಖ ಜಪಾನಿನ ಕಬೋಸು ಎಂಬ ಹೆಣ್ಣುನಾಯಿಯದು. 2010ರಲ್ಲಿ ಅದರ ಒಡತಿ ಮನೆಯಲ್ಲೇ ತೆಗೆದ ಭಾವಚಿತ್ರವು ಲೋಕಪ್ರಸಿದ್ಧವಾಯಿತು. ಎರಡನೆಯದು ಹಾಂಗ್‌ಕಾಂಗಿನ ಬಾಲ್ಟ್ಸೆ. ಬಾಲ್ಟ್ಸೆ 2023ರಲ್ಲಿಯೂ ಕಬೋಸು 2024ರಲ್ಲಿಯೂ ಅಸುನೀಗಿದವು. ಇವೆರಡನ್ನೂ ಅಕ್ಕಪಕ್ಕ ನಿಲ್ಲಿಸಿದ ಚಿತ್ರ 2020ರಲ್ಲಿ ಎಲ್ಲೆಡೆ ಹಬ್ಬಿತು.

ಬಳಸುವ ಕ್ರಮ ಸುಲಭ. ದೊಡ್ಡ ನಾಯಿಯ ಮೇಲೆ 'ಆಗ', ಸಣ್ಣದರ ಮೇಲೆ 'ಈಗ' ಎಂದು ಬರೆದರಾಯಿತು. ಉದಾಹರಣೆಗೆ, ಆಗ: ದಿಂಬಂ ಘಾಟಿಯ 27 ತಿರುವುಗಳನ್ನು ಮೂಟೆ ಹೊತ್ತು ನಡೆದೇ ಹತ್ತಿದ ತಾತ. ಈಗ: ಬಸ್ಸಿನಲ್ಲಿ ಕುಳಿತು ಮೂರನೆಯ ತಿರುವಿಗೇ ನಿಂಬೆಹಣ್ಣು ಮೂಸುವ ಮೊಮ್ಮಗ!

ಇಲ್ಲಿ ನಗು ಬರುವುದೇಕೆ? ಮೊದಲನೆಯದಾಗಿ, ಅತಿಶಯೋಕ್ತಿ. ಎರಡನೆಯದಾಗಿ, ಹೆಚ್ಚು ಮಾತಿಲ್ಲದೆ ಕಣ್ಣಿಗೇ ಅಂತರ ಕಾಣುವುದು. ಮೂರನೆಯದು ಮುಖ್ಯವಾದುದು: ಚಿತ್ರ ಮಾಡಿದವನು ಸಾಮಾನ್ಯವಾಗಿ ಸಣ್ಣ ನಾಯಿಯ ಜಾಗದಲ್ಲಿ ತನ್ನನ್ನೇ ಕೂರಿಸಿಕೊಳ್ಳುತ್ತಾನೆ. ತನ್ನನ್ನು ತಾನೇ ನಗುವವನ ಹಾಸ್ಯ ಯಾರಿಗೂ ನೋವು ಕೊಡದು.

ಆದರೆ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಆ ಎರಡು ನಾಯಿಗಳೂ ಒಂದೇ ತಳಿಯವು. ಜಪಾನಿನ ಶಿಬಾ ಇನು ಎಂಬ ತಳಿ. ಕಬೋಸು ಪೈಲ್ವಾನನೇನೂ ಆಗಿರಲಿಲ್ಲ. ಆ ತೋಳು, ಆ ಎದೆ ಎಲ್ಲವೂ ಕಂಪ್ಯೂಟರಿನಲ್ಲಿ ಅಂಟಿಸಿದವು. ನಮ್ಮ 'ಆಗ'ಗಳಲ್ಲಿಯೂ ಇಂಥ ಅಂಟಿಸಿದ ತೋಳುಗಳು ಸ್ವಲ್ಪ ಇರುತ್ತವೆ. ತಾತ ಘಾಟಿ ಹತ್ತಿದ್ದು ನಿಜವೇ ಇರಬಹುದು. ಅವರ ಕಾಲುನೋವು ಮಾತ್ರ ಚಿತ್ರದಲ್ಲಿ ಕಾಣುವುದಿಲ್ಲ.

ತಮಿಳುನಾಡಿನ ಬೆಟ್ಟದ ಮೇಲೆ ಕನ್ನಡದಲ್ಲಿ ಓದುವ ನಮಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ದೊಡ್ಡ ನಾಯಿಯ ಮೇಲೆ 'ಪಟ್ಟಣದ ಇಂಗ್ಲಿಷ್ ಶಾಲೆ' ಎಂದೂ ಸಣ್ಣದರ ಮೇಲೆ 'ಬೆಟ್ಟದ ಕನ್ನಡ ಶಾಲೆ' ಎಂದೂ ಯಾರಾದರೂ ಬರೆದು ಕಳಿಸಬಹುದು. ಹಾಸ್ಯ ಚೆನ್ನಾಗಿದ್ದರೆ ನಗೋಣ. ಆದರೆ ಅದನ್ನು ನಿಜವೆಂದು ನಂಬಿ ಕುಗ್ಗುವ ಮೊದಲು, ಆ ತೋಳುಗಳನ್ನು ಅಂಟಿಸಿದವರು ಯಾರು ಎಂದು ಕೇಳೋಣ. ಹಾಗೆಯೇ ನಾವು ಚಿತ್ರ ಮಾಡುವಾಗ ಸಣ್ಣ ನಾಯಿಯ ಮೇಲೆ ಗೆಳೆಯನ ಹೆಸರು ಬರೆಯುವ ಮುನ್ನ ಒಂದು ಕ್ಷಣ ಯೋಚಿಸೋಣ. ಇಬ್ಬರೂ ಕೂಡಿ ನಕ್ಕರೆ ಮಾತ್ರ ಅದು ಹಾಸ್ಯ.