ಇಂಜಿನ್‌ಗಾಗಿ ಕಾದ 'ಮಾರುತ'

ಬೆಂಗಳೂರಿನ ಹಳೆ ಮದ್ರಾಸ್ ರಸ್ತೆಯಿಂದ ಎಚ್.ಎ.ಎಲ್. ಕಡೆಗೆ ಹೋಗುವಾಗ 'ಸುರಂಜನ್ ದಾಸ್ ರಸ್ತೆ' ಎಂಬ ಫಲಕವನ್ನು ನೀವು ನೋಡಿರಬಹುದು. ಈ ಸುರಂಜನ್ ದಾಸ್ ಯಾರು? ರಾಜಕಾರಣಿಯಲ್ಲ, ಸಾಹಿತಿಯೂ ಅಲ್ಲ. ಭಾರತದಲ್ಲೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನವನ್ನು 1961ರ ಜೂನ್ 17ರಂದು ಬೆಂಗಳೂರಿನ ಆಕಾಶಕ್ಕೆ ಮೊದಲ ಬಾರಿ ಏರಿಸಿದ ವಾಯುಪಡೆಯ ಪೈಲಟ್ ಅವರು. ವಿಮಾನದ ಹೆಸರು ಎಚ್.ಎಫ್.-24 'ಮಾರುತ'. ಮಾರುತವೆಂದರೆ ಗಾಳಿ. ಎಂಟೂವರೆ ವರ್ಷಗಳ ಬಳಿಕ, 1970ರ ಜನವರಿ 10ರಂದು, ಅದೇ ವಿಮಾನದ ಹೆಚ್ಚು ಶಕ್ತಿಯುಳ್ಳ ಮಾದರಿಯೊಂದನ್ನು ಪರೀಕ್ಷಿಸುತ್ತಿದ್ದಾಗ ಅಪಘಾತದಲ್ಲಿ ಅವರು ಪ್ರಾಣ ಕಳೆದುಕೊಂಡರು.

ಈ ವಿಮಾನಕ್ಕೆ ಹೆಚ್ಚು ಶಕ್ತಿ ಬೇಕಾಗಿತ್ತೇಕೆ? ಮೊದಲೇ ಏಕೆ ಅದು ಸಿಗಲಿಲ್ಲ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಹೋದರೆ ನೀವು ಬೆಂಗಳೂರಿನಿಂದ ಜರ್ಮನಿಗೆ, ಅಲ್ಲಿಂದ ಅರ್ಜೆಂಟೀನಾಕ್ಕೆ, ಲಂಡನ್ನಿಗೆ, ಕೊನೆಗೆ ಈಜಿಪ್ಟಿಗೆ ಹೋಗಬೇಕಾಗುತ್ತದೆ. ಯುದ್ಧವಿಮಾನದ ಹಣೆಬರಹವನ್ನು ಅದರ ನಕ್ಷೆ ಬರೆಯುವ ಇಂಜಿನಿಯರ್ ಒಬ್ಬನೇ ನಿರ್ಧರಿಸುವುದಿಲ್ಲ. ದೇಶ ದೇಶಗಳ ನಡುವಣ ಭಯ, ಸಂಶಯ ಮತ್ತು ಲೆಕ್ಕಾಚಾರಗಳೂ ಅದನ್ನು ನಿರ್ಧರಿಸುತ್ತವೆ.

ಯುದ್ಧ ತಂದ ಕಾರ್ಖಾನೆ

ಬೆಂಗಳೂರಿಗೆ ವಿಮಾನ ಕಾರ್ಖಾನೆ ಬಂದದ್ದೇ ಎರಡನೇ ಮಹಾಯುದ್ಧದ ದೆಸೆಯಿಂದ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಭಾರತದಲ್ಲಿ ವಿಮಾನ ತಯಾರಿಸಬೇಕೆಂದು ಹೊರಟಾಗ ಮೈಸೂರು ಸಂಸ್ಥಾನ ಮುಂದೆ ಬಂದಿತು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಸಂಸ್ಥಾನವು ಜಮೀನನ್ನೂ 25 ಲಕ್ಷ ರೂಪಾಯಿ ಬಂಡವಾಳವನ್ನೂ ಕೊಟ್ಟಿತು. 1940ರ ಡಿಸೆಂಬರ್ 23ರಂದು ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿ ಹುಟ್ಟಿಕೊಂಡಿತು. ಕರಾವಳಿಯಿಂದ ದೂರ, ಒಳ್ಳೆಯ ಹವೆ, ಶಿವನಸಮುದ್ರದ ವಿದ್ಯುತ್ತು - ಊರಿಗೆ ಇವೆಲ್ಲವೂ ಇದ್ದವು.

ಆದರೆ ಜಪಾನ್ ಯುದ್ಧಕ್ಕಿಳಿದು ಬರ್ಮಾದವರೆಗೆ ಬಂದಾಗ ಲೆಕ್ಕ ಬದಲಾಯಿತು. ಬ್ರಿಟಿಷ್ ಸರಕಾರಕ್ಕೆ ಭಾರತದಲ್ಲಿ ಹೊಸ ವಿಮಾನ ತಯಾರಾಗುವುದಕ್ಕಿಂತ ಕೆಟ್ಟ ವಿಮಾನಗಳು ಬೇಗ ರಿಪೇರಿಯಾಗುವುದು ಮುಖ್ಯವಾಗಿತ್ತು. 1942ರಲ್ಲಿ ಸರಕಾರ ಕಾರ್ಖಾನೆಯ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಮರುವರ್ಷ ಅದನ್ನು ಅಮೇರಿಕದ ಸೇನಾ ವಾಯುಪಡೆಗೆ ಒಪ್ಪಿಸಲಾಯಿತು. ಸಾವಿರಾರು ಕೆಲಸಗಾರರು ಅಮೇರಿಕದ ವಿಮಾನಗಳನ್ನೂ ಇಂಜಿನ್‌ಗಳನ್ನೂ ಬಿಚ್ಚಿ ಜೋಡಿಸಿದರು. ಹೀಗೆ ನಮ್ಮ ಜನರಿಗೆ ಇಂಜಿನ್ ರಿಪೇರಿ ಮಾಡುವ ಕೈ ಬಂತು, ಆದರೆ ಇಂಜಿನ್ ರೂಪಿಸುವ ಅವಕಾಶ ಬರಲಿಲ್ಲ. ಯುದ್ಧ ಮುಗಿದೊಡನೆ ಕೆಲಸವೂ ಇಳಿಯಿತು. ವಿಮಾನ ಕಾರ್ಖಾನೆಯಲ್ಲಿ ರೈಲಿನ ಬೋಗಿಗಳು, ಬಸ್ಸಿನ ಬಾಡಿಗಳು ತಯಾರಾದವು. ಹಾಗಿದ್ದೂ ಡಾ. ವಿ.ಎಂ. ಘಾಟಗೆಯವರ ತಂಡ ರೂಪಿಸಿದ ಎಚ್.ಟಿ.-2 ಎಂಬ ತರಬೇತಿ ವಿಮಾನ 1951ರಲ್ಲಿ ಹಾರಿತು ಎಂಬುದು ಸಣ್ಣ ಮಾತಲ್ಲ.

ಸೋತವರ ಜ್ಞಾನ ಹಂಚಿಕೊಂಡವರು

ಈಗ ಯುರೋಪಿನ ಕಡೆ ನೋಡೋಣ. 1939ರ ಆಗಸ್ಟ್ 27ರಂದು, ಮಹಾಯುದ್ಧ ಆರಂಭವಾಗಲು ಕೆಲವೇ ದಿನ ಇರುವಾಗ, ಜಗತ್ತಿನ ಮೊದಲ ಜೆಟ್ ವಿಮಾನ ಜರ್ಮನಿಯಲ್ಲಿ ಹಾರಿತು. ಬ್ರಿಟನ್ನಿನಲ್ಲಿ ಫ್ರಾಂಕ್ ವಿಟ್ಲ್ 1930ರಲ್ಲೇ ಜೆಟ್ ಇಂಜಿನ್ನಿಗೆ ಪೇಟೆಂಟ್ ಅರ್ಜಿ ಹಾಕಿದ್ದರೂ ಸರಕಾರ ಅದಕ್ಕೆ ಬೆಲೆ ಕೊಟ್ಟಿರಲಿಲ್ಲ. ಯುದ್ಧದ ಭಯ ಬಂದ ಮೇಲೆಯೇ ಹಣ ಬಂತು. ಅವರ ಇಂಜಿನ್ ಇದ್ದ ವಿಮಾನ 1941ರ ಮೇ ತಿಂಗಳಲ್ಲಿ ಹಾರಿತು.

ಜರ್ಮನಿಯ ಮೆಸ್ಸರ್‌ಸ್ಮಿಟ್ 262 ಯುದ್ಧರಂಗಕ್ಕಿಳಿದ ಮೊದಲ ಜೆಟ್ ಫೈಟರ್‌ಗಳಲ್ಲಿ ಒಂದು. ಆಗಿನ ಅತಿ ವೇಗದ ಫೈಟರ್‌ಗಳಲ್ಲಿ ಅದೂ ಒಂದು. ಆದರೆ ಉರಿಯ ತಾಪವನ್ನು ತಡೆಯುವ ನಿಕ್ಕಲ್, ಕ್ರೋಮಿಯಂನಂತಹ ಲೋಹಗಳು ಜರ್ಮನಿಗೆ ಸಾಕಷ್ಟು ಸಿಗುತ್ತಿರಲಿಲ್ಲ. ಹಾಗಾಗಿ ಅದರ ಇಂಜಿನ್ ಕೆಲವೇ ಹತ್ತು ಗಂಟೆಗಳ ಹಾರಾಟದಲ್ಲಿ ಸವೆದು ಹೋಗುತ್ತಿತ್ತು. ಇನ್ನೊಂದು ಸತ್ಯವನ್ನೂ ಮರೆಯಬಾರದು. ಆ ವಿಮಾನಗಳನ್ನು ಕಟ್ಟಲು ಸೆರೆಶಿಬಿರಗಳ ಕೈದಿಗಳನ್ನು ದುಡಿಸಲಾಗಿತ್ತು. ಹೊಸ ತಂತ್ರಜ್ಞಾನದ ಹೊಳಪಿನ ಹಿಂದೆ ಅವರ ಕಣ್ಣೀರೂ ಇತ್ತು.

1945ರಲ್ಲಿ ಜರ್ಮನಿ ಸೋತಾಗ ಗೆದ್ದವರು ಅಲ್ಲಿನ ಭೂಮಿಯನ್ನು ಮಾತ್ರವಲ್ಲ, ಜ್ಞಾನವನ್ನೂ ಹಂಚಿಕೊಂಡರು. 'ಪೇಪರ್‌ಕ್ಲಿಪ್' ಎಂಬ ಕಾರ್ಯಾಚರಣೆಯಲ್ಲಿ ಅಮೇರಿಕ ಜರ್ಮನ್ ವಿಜ್ಞಾನಿಗಳನ್ನು ಕರೆದೊಯ್ದಿತು. ಸೋವಿಯತ್ ಒಕ್ಕೂಟ 1946ರ ಅಕ್ಟೋಬರ್ 22ರ ನಸುಕಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ತಂತ್ರಜ್ಞರನ್ನು ಹೆಂಡತಿ ಮಕ್ಕಳ ಸಮೇತ ರೈಲಿಗೆ ಹತ್ತಿಸಿ ಸಾಗಿಸಿತು. ಇಂದು ನೀವು ಗಲ್ಫಿಗೆ ಹೋಗುವ ವಿಮಾನದ ಕಿಟಕಿಯಿಂದ ನೋಡುವ ಹಿಂದಕ್ಕೆ ಬಾಗಿದ ರೆಕ್ಕೆ ಇದೆಯಲ್ಲ, ಅದು ಕೂಡ ಈ ಹಂಚಿಕೆಯಲ್ಲಿ ಸಿಕ್ಕಿದ ಪಾಲು. 1945ರ ಮೇ ತಿಂಗಳಲ್ಲಿ ಜರ್ಮನಿಯ ಸಂಶೋಧನಾ ಕಾಗದಗಳನ್ನು ಕಂಡ ಬೋಯಿಂಗ್ ಕಂಪೆನಿಯ ಇಂಜಿನಿಯರ್ ಒಬ್ಬರು ಊರಿಗೆ ಪತ್ರ ಬರೆದರು. ಬೋಯಿಂಗ್ ತನ್ನ ಬಿ-47 ಬಾಂಬರಿನ ರೆಕ್ಕೆಯನ್ನು ಬಾಗಿಸಿತು. ಅದೇ ಅನುಭವ ಮುಂದೆ ಪ್ರಯಾಣಿಕರ 707 ವಿಮಾನಕ್ಕೂ ದಕ್ಕಿತು.

ಒಂದು ವಿಚಿತ್ರವನ್ನೂ ಕೇಳಿ. ಯುದ್ಧ ಮುಗಿದ ಹೊಸತರಲ್ಲಿ ಬ್ರಿಟನ್ ತನ್ನ ಅತ್ಯುತ್ತಮ ಜೆಟ್ ಇಂಜಿನ್‌ಗಳಲ್ಲಿ ಒಂದಾದ ರೋಲ್ಸ್ ರಾಯ್ಸ್ 'ನೀನ್' ಅನ್ನು ಸೋವಿಯತ್ ಒಕ್ಕೂಟಕ್ಕೆ ಮಾರಿತು. ರಷ್ಯನ್ನರು ಅದನ್ನು ನಕಲು ಮಾಡಿ ಮಿಗ್-15ಕ್ಕೆ ಜೋಡಿಸಿದರು. 1950ರ ನವೆಂಬರಿನಲ್ಲಿ ಕೊರಿಯಾದ ಆಕಾಶದಲ್ಲಿ ಆ ಮಿಗ್‌ಗಳು ಅಮೇರಿಕದ ವಿಮಾನಗಳ ಮೇಲೆ ಎರಗಿದವು. ಬ್ರಿಟನ್ನಿನ ಸೈನಿಕರೂ ಆ ಯುದ್ಧದಲ್ಲಿ ಅಮೇರಿಕದ ಜೊತೆಗಿದ್ದರು! ಇಂಜಿನ್ ಬರೀ ವ್ಯಾಪಾರದ ಸರಕಲ್ಲ ಎಂಬುದು ದೊಡ್ಡ ದೇಶಗಳಿಗೆ ಅಂದೇ ಚೆನ್ನಾಗಿ ಮನದಟ್ಟಾಯಿತು.

ಬೆಂಗಳೂರಿಗೆ ಬಂದ ಜರ್ಮನ್

ಜರ್ಮನಿಯ ಹೆಸರಾಂತ ಫೋಕ್-ವುಲ್ಫ್ 190 ಯುದ್ಧವಿಮಾನವನ್ನು ರೂಪಿಸಿದವರು ಕುರ್ಟ್ ಟ್ಯಾಂಕ್. ಸೋಲಿನ ಬಳಿಕ ಜರ್ಮನಿಯಲ್ಲಿ ವಿಮಾನ ತಯಾರಿಕೆಯನ್ನೇ ನಿಷೇಧಿಸಿದ್ದರಿಂದ ಅವರು ತಮ್ಮ ತಂಡದೊಂದಿಗೆ ಅರ್ಜೆಂಟೀನಾ ಸೇರಿದರು. ಅಧ್ಯಕ್ಷ ಪೆರೋನ್ ಅವರ ಆಶ್ರಯದಲ್ಲಿ 'ಪುಲ್ಕಿ-2' ಎಂಬ ಜೆಟ್ ರೂಪಿಸಿ 1950ರಲ್ಲಿ ಹಾರಿಸಿದರು. 1955ರಲ್ಲಿ ಪೆರೋನ್ ಪದಚ್ಯುತರಾದರು, ಟ್ಯಾಂಕರ ನೆಲೆಯೂ ತಪ್ಪಿತು. ನೆಹರೂ ಸರಕಾರ ಅವರನ್ನು ಭಾರತಕ್ಕೆ ಕರೆಸಿಕೊಂಡಿತು. 1956ರಲ್ಲಿ ಅವರೂ ಅವರ ಸಂಗಡಿಗರೂ ಬೆಂಗಳೂರಿಗೆ ಬಂದಿಳಿದರು.

ಭಾರತಕ್ಕೂ ಅವಸರವಿತ್ತು. 1954ರ ಒಪ್ಪಂದದ ಬಳಿಕ ಪಾಕಿಸ್ತಾನಕ್ಕೆ ಅಮೇರಿಕದ ಸೇಬರ್ ಜೆಟ್‌ಗಳು ಬರುವುದಿತ್ತು. ಯಾವ ಬಣಕ್ಕೂ ಸೇರದೆ ಉಳಿಯಬೇಕೆಂದಿದ್ದ ಭಾರತಕ್ಕೆ ಸ್ವಂತ ವಿಮಾನ ಬೇಕಿತ್ತು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನದ ಗುರಿ ಇಟ್ಟುಕೊಂಡು ಟ್ಯಾಂಕರೂ ನಮ್ಮ ಯುವ ಇಂಜಿನಿಯರುಗಳೂ ಕೆಲಸಕ್ಕಿಳಿದರು. ಮೊದಲು ಅದೇ ಆಕಾರದ, ಅದೇ ಗಾತ್ರದ ಮರದ ಗ್ಲೈಡರ್ ಮಾಡಿದರು. 1959ರಲ್ಲಿ ಡಕೋಟಾ ವಿಮಾನವೊಂದು ಅದನ್ನು ಹಗ್ಗ ಕಟ್ಟಿ ಮೇಲಕ್ಕೆಳೆದೊಯ್ದು ಬಿಟ್ಟಿತು. ಎರಡು ವರ್ಷಗಳ ಬಳಿಕ ನಿಜವಾದ ಮಾರುತವೇ ಹಾರಿತು. ಅದರ ಮೈಕಟ್ಟನ್ನು ನೋಡಿದವರೆಲ್ಲ ಮೆಚ್ಚಿದರು.

ಕೊರತೆ ಇದ್ದದ್ದು ಹೃದಯದಲ್ಲಿ. ಮಾರುತವನ್ನು ರೂಪಿಸಿದ್ದು ಬ್ರಿಟನ್ನಿನ ಬ್ರಿಸ್ಟಲ್ ಕಂಪೆನಿಯ 'ಆರ್ಫಿಯಸ್-12' ಇಂಜಿನನ್ನು ನಂಬಿ. ಹೊಗೆಕೊಳವೆಯಲ್ಲಿ ಮತ್ತೊಮ್ಮೆ ಇಂಧನ ಉರಿಸುವ ಆಫ್ಟರ್‌ಬರ್ನರ್ ಸೇರಿ ಅದು ಸುಮಾರು 8,000 ಪೌಂಡ್ ನೂಕುಬಲ ಕೊಡಬೇಕಿತ್ತು. ಆದರೆ ನ್ಯಾಟೋ ಬಣದ ಅಗತ್ಯಗಳು ಬದಲಾದವು, ಪಶ್ಚಿಮದಲ್ಲಿ ಆ ಇಂಜಿನ್ನಿಗೆ ಗಿರಾಕಿಗಳಿಲ್ಲದಾದರು. ಮುಂದುವರಿಸಬೇಕಾದರೆ ಖರ್ಚನ್ನು ನೀವು ಕೊಡಿ ಎಂದು ಭಾರತವನ್ನು ಕೇಳಲಾಯಿತು. ಅಂದಿನ ಸರಕಾರ ಒಪ್ಪಲಿಲ್ಲ. ಯೋಜನೆ ನಿಂತಿತು. ಕೊನೆಗೆ ಮಾರುತಕ್ಕೆ ಸಿಕ್ಕಿದ್ದು ತಲಾ 4,850 ಪೌಂಡ್ ನೂಕುಬಲದ, ಆಫ್ಟರ್‌ಬರ್ನರ್ ಇಲ್ಲದ ಎರಡು ಹಳೆಯ ಆರ್ಫಿಯಸ್‌ಗಳು. ಲಾರಿಗೆ ಕಾರಿನ ಇಂಜಿನ್ ಹಾಕಿದಂತಾಯಿತು. ಪರರನ್ನು ದೂರುವುದರ ಜೊತೆಗೆ ನಮ್ಮವರ ಜಿಪುಣತನವನ್ನೂ ಇಲ್ಲಿ ಹೇಳಲೇಬೇಕು.

ನೈಲ್ ನದಿಯ ದಡದಲ್ಲಿ

ಇದೇ ಹೊತ್ತಿಗೆ ಇನ್ನೊಂದು ದೇಶವೂ ಇದೇ ಕನಸು ಕಾಣುತ್ತಿತ್ತು. 1956ರ ಸುಯೆಜ್ ಯುದ್ಧದಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ಇಸ್ರೇಲ್‌ಗಳ ದಾಳಿಯನ್ನು ಕಂಡಿದ್ದ ಈಜಿಪ್ಟಿನ ಅಧ್ಯಕ್ಷ ನಾಸರ್ ಅವರಿಗೂ ಸ್ವಂತ ಯುದ್ಧವಿಮಾನ ಬೇಕಾಗಿತ್ತು. ಮೆಸ್ಸರ್‌ಸ್ಮಿಟ್ ಅವರೇ ಸ್ಪೇನಿನಲ್ಲಿ ರೂಪಿಸತೊಡಗಿದ್ದ ಎಚ್.ಎ.-300 ಎಂಬ ಪುಟ್ಟ ಜೆಟ್ಟಿನ ಯೋಜನೆಯನ್ನು ಈಜಿಪ್ಟ್ ಪಡೆದುಕೊಂಡು ಕೈರೋ ಸಮೀಪದ ಹೆಲ್ವಾನಿಗೆ ತಂದಿತು. ಕಾಕತಾಳೀಯ ನೋಡಿ, ಅದೂ ಆರ್ಫಿಯಸ್-12 ಇಂಜಿನ್ನನ್ನೇ ನಂಬಿದ್ದ ವಿಮಾನ!

ಈಜಿಪ್ಟ್ ಸುಮ್ಮನೆ ಕೂರಲಿಲ್ಲ. ಇ-300 ಎಂಬ ಇಂಜಿನ್ ರೂಪಿಸಲು ಫರ್ಡಿನಾಂಡ್ ಬ್ರಾಂಡ್ನರ್ ಎಂಬ ಆಸ್ಟ್ರಿಯನ್ ಇಂಜಿನಿಯರನ್ನು ಕರೆಸಿತು. ಯುದ್ಧದ ಬಳಿಕ ಸೋವಿಯತ್ ಸೆರೆಯಾಳಾಗಿ, ಅಲ್ಲಿ ಭಾರೀ ಬಾಂಬರುಗಳ ಇಂಜಿನ್ ತಯಾರಿಕೆಯಲ್ಲಿ ದುಡಿದು ಬಂದವರು ಅವರು. ಈಜಿಪ್ಟಿನಲ್ಲಿ ವಿಮಾನವಿತ್ತು, ಇಂಜಿನ್ ಬರುವುದಿತ್ತು. ಭಾರತದಲ್ಲಿ ವಿಮಾನವಿತ್ತು, ಪರೀಕ್ಷಾ ಪೈಲಟ್‌ಗಳಿದ್ದರು. ನೆಹರೂ ಮತ್ತು ನಾಸರ್ ಅಲಿಪ್ತ ಚಳವಳಿಯ ಜೊತೆಗಾರರು. ಎರಡೂ ದೇಶಗಳು ಕೈಜೋಡಿಸಿದವು. 1964ರ ಮಾರ್ಚ್ 7ರಂದು ಎಚ್.ಎ.-300 ಅನ್ನು ಮೊದಲ ಬಾರಿ ಹಾರಿಸಿದವರು ನಮ್ಮ ವಾಯುಪಡೆಯ ಕಪಿಲ್ ಭಾರ್ಗವ. ಅದಕ್ಕೆ ಬದಲಾಗಿ ನಮ್ಮ ಮಾರುತವೊಂದು ಈಜಿಪ್ಟಿಗೆ ಹೋಯಿತು. 1967ರ ಮಾರ್ಚಿನಲ್ಲಿ ಒಂದು ಬದಿಗೆ ಇ-300, ಇನ್ನೊಂದು ಬದಿಗೆ ಆರ್ಫಿಯಸ್ ಕಟ್ಟಿಕೊಂಡು ಅದು ಅಲ್ಲಿ ಹಾರಿತು.

ಮುಂದೇನಾಯಿತು? ಅದಾಗಿ ಎರಡು ತಿಂಗಳು ಚಿಲ್ಲರೆ ದಿನಗಳಲ್ಲಿ, ಜೂನ್ 5ರ ಬೆಳಗ್ಗೆ, ಇಸ್ರೇಲ್ ದಾಳಿ ಮಾಡಿ ಈಜಿಪ್ಟಿನ ವಾಯುಪಡೆಯ ಬಹುಪಾಲನ್ನು ನೆಲದಲ್ಲೇ ನಾಶ ಮಾಡಿತು. ಸೋತ ದೇಶಕ್ಕೆ ನಾಳೆಯೇ ವಿಮಾನಗಳು ಬೇಕಿದ್ದವು, ಹತ್ತು ವರ್ಷಗಳ ನಂತರ ಅಲ್ಲ. ಸೋವಿಯತ್ ಒಕ್ಕೂಟ ಸಿದ್ಧ ಮಿಗ್‌ಗಳನ್ನು ಕೊಟ್ಟಿತು. ಖಜಾನೆಯೂ ಬರಿದಾಗಿತ್ತು. 1969ರಲ್ಲಿ ಹೆಲ್ವಾನಿನ ಜೆಟ್ ಯೋಜನೆ ಮುಚ್ಚಿತು. ಅದರೊಂದಿಗೆ ಮಾರುತದ ಆಸೆಯೂ ಹೋಯಿತು. ಆ ಎಚ್.ಎ.-300 ಇಂದು ಜರ್ಮನಿಯ ವಸ್ತುಸಂಗ್ರಹಾಲಯವೊಂದರಲ್ಲಿದೆ.

ಕೊಡುವ ಕೈ, ತಡೆಯುವ ಕೈ

ಭಾರತದ ಕತೆಯೂ ಹೆಚ್ಚು ಭಿನ್ನವಲ್ಲ. 1962ರಲ್ಲಿ ಚೀನಾದೊಂದಿಗೆ ಯುದ್ಧವಾಯಿತು. ಅದೇ ವರ್ಷ ಸೋವಿಯತ್ ಮಿಗ್-21 ಆಯ್ಕೆಯಾಯಿತು. ಸ್ನೇಹದ ಬೆಲೆಗೆ ಸಿದ್ಧ ವಿಮಾನ ಸಿಗುವಾಗ ಅರೆಬೆಂದ ಮಾರುತಕ್ಕಾಗಿ ಹಟ ಹಿಡಿಯುವವರು ಕಡಿಮೆಯಾದರು. ಆದರೂ ತರಬೇತಿ ಮಾದರಿಗಳೂ ಸೇರಿ 147 ಮಾರುತಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ಕಡೆ ನೆಲದ ಗುರಿಗಳ ಮೇಲೆ ದಾಳಿಗೆ ಬಳಕೆಯಾದವು. ಕೆಳಮಟ್ಟದಲ್ಲಿ ಸ್ಥಿರವಾಗಿ ಹಾರುವ ಗಟ್ಟಿ ವಿಮಾನವೆಂದು ಪೈಲಟ್‌ಗಳು ಅದನ್ನು ಹೊಗಳಿದರು. ಆದರೆ ಎರಡು ಪಟ್ಟು ಶಬ್ದವೇಗದ ಕನಸು ಕನಸಾಗಿಯೇ ಉಳಿಯಿತು.

ಪರರ ಆಯುಧವನ್ನು ನಂಬಿದವರ ಪಾಡು ಯಾವ ದೇಶದಲ್ಲೂ ಒಂದೇ. 1965ರ ಯುದ್ಧದಲ್ಲಿ ಅಮೇರಿಕ ಭಾರತ, ಪಾಕಿಸ್ತಾನ ಎರಡಕ್ಕೂ ಶಸ್ತ್ರಾಸ್ತ್ರ ನಿಲ್ಲಿಸಿತು. ಅಮೇರಿಕದ ವಿಮಾನಗಳನ್ನೇ ನೆಚ್ಚಿಕೊಂಡಿದ್ದ ಪಾಕಿಸ್ತಾನಕ್ಕೆ ಹೆಚ್ಚು ಪೆಟ್ಟಾಯಿತು. 1998ರ ಅಣುಪರೀಕ್ಷೆಯ ನಂತರ ಸರದಿ ನಮ್ಮದು. ಬೆಂಗಳೂರಿನಲ್ಲಿ ರೂಪುಗೊಳ್ಳುತ್ತಿದ್ದ ಹಗುರ ಯುದ್ಧವಿಮಾನದ ಕೆಲಸಕ್ಕಾಗಿ ಅಮೇರಿಕದಲ್ಲಿದ್ದ ನಮ್ಮ ಇಂಜಿನಿಯರುಗಳನ್ನು ಹೊರಗೆ ಕಳುಹಿಸಲಾಯಿತು, ಸಾಮಗ್ರಿಗಳನ್ನು ತಡೆಹಿಡಿಯಲಾಯಿತು. ಆಗ ರಕ್ಷಣಾ ಸಂಶೋಧನಾ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಡಾ. ಎ.ಪಿ.ಜೆ. ಅಬ್ದುಲ್ ಕಲಾಂ. ತಾರುಣ್ಯದಲ್ಲಿ ಇದೇ ಬೆಂಗಳೂರಿನ ಕಾರ್ಖಾನೆಯಲ್ಲಿ ಇಂಜಿನ್ ರಿಪೇರಿಯ ತರಬೇತಿ ಪಡೆದವರು ಅವರು. ತಡೆಹಿಡಿದ ಕೆಲಸವನ್ನು ನಮ್ಮ ಇಂಜಿನಿಯರುಗಳು ಇಲ್ಲಿಯೇ ಮಾಡಿ ಮುಗಿಸಿದರು. 2001ರ ಜನವರಿ 4ರಂದು ಆ ವಿಮಾನ ಹಾರಿತು. ಎರಡು ವರ್ಷಗಳ ಬಳಿಕ ಅದಕ್ಕೆ 'ತೇಜಸ್' ಎಂದು ಹೆಸರಿಡಲಾಯಿತು.

ಆದರೆ ತೇಜಸ್‌ನ ಇಂಜಿನ್ ಅಮೇರಿಕದ್ದು. ನಮ್ಮದೇ 'ಕಾವೇರಿ' ಇಂಜಿನ್ನಿಗಾಗಿ ದಶಕಗಳ ಕಾಲ ದುಡಿದರೂ ಅದು ತೇಜಸ್‌ಗೆ ಬೇಕಾದ ಶಕ್ತಿಯನ್ನು ಮುಟ್ಟಲಿಲ್ಲ. 2021ರಲ್ಲಿ ವಾಯುಪಡೆಗಾಗಿ 83 ಹೊಸ ತೇಜಸ್‌ಗಳಿಗೆ ಆದೇಶ ನೀಡಿದಾಗಲೂ ಇಂಜಿನ್‌ಗಳು ಹೇಳಿದ ಕಾಲಕ್ಕೆ ಬರಲಿಲ್ಲ. ಮಾರುತ ಕಾದಂತೆ ತೇಜಸ್ಸೂ ಕಾಯಬೇಕಾಯಿತು.

ಜೆಟ್ ಇಂಜಿನ್ ಇಷ್ಟು ಕಷ್ಟವೇಕೆ ಎಂದು ನೀವು ಕೇಳಬಹುದು. ಅದರೊಳಗೆ ಉರಿಯುವ ಅನಿಲದ ತಾಪ, ತಿರುಗುವ ಅಲಗುಗಳ ಲೋಹವನ್ನೇ ಕರಗಿಸುವಷ್ಟು ಹೆಚ್ಚು. ಒಳಗೆ ಗಾಳಿ ಹಾಯುವ ಸೂಜಿಮೊನೆಯಷ್ಟು ರಂಧ್ರಗಳಿರುವ ಆ ಅಲಗುಗಳನ್ನು ಎರಕ ಹೊಯ್ಯುವ ವಿದ್ಯೆಯನ್ನು ಯಾವ ಕಂಪೆನಿಯೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದನ್ನು ಹಣ ಕೊಟ್ಟು ಕೊಂಡು ತರುವುದಕ್ಕಿಂತ ವರ್ಷಾನುಗಟ್ಟಲೆ ಪ್ರಯೋಗ ಮಾಡಿ, ಸೋತು, ಮತ್ತೆ ಮಾಡಿಯೇ ಕಲಿಯಬೇಕು.

ಬೆಂಗಳೂರಿಗೆ ಹೋದಾಗ ಮಕ್ಕಳನ್ನು ಎಚ್.ಎ.ಎಲ್. ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯಿರಿ. ಅಲ್ಲಿ ಮಾರುತ ನಿಂತಿದೆ. ಅದರ ಚೂಪು ಮೂತಿಯ ಮುಂದೆ ಫೋಟೋ ತೆಗೆಸಿಕೊಂಡ ಮೇಲೆ ಹಿಂಬದಿಗೂ ಹೋಗಿ, ಆ ಎರಡು ಕೊಳವೆಗಳನ್ನು ತೋರಿಸಿ. ಭಯ ಮತ್ತು ಹಗೆತನ ಎಷ್ಟು ಹಣವನ್ನು, ಎಷ್ಟು ಬುದ್ಧಿವಂತರ ಆಯುಷ್ಯವನ್ನು ನುಂಗಿತು ಎಂಬುದನ್ನು ಹೇಳಿ. ಯುದ್ಧಕ್ಕಾಗಿ ಹುಟ್ಟಿದ ಇದೇ ವಿದ್ಯೆ ಇಂದು ದೂರದ ಊರಿನಲ್ಲಿ ದುಡಿಯುವ ತಂದೆಯನ್ನು ನಾಲ್ಕೇ ಗಂಟೆಯಲ್ಲಿ ಮನೆಗೆ ತಲುಪಿಸುತ್ತದೆ ಎಂಬುದನ್ನೂ ಹೇಳಿ. ನಿಮ್ಮ ಮಗಳೋ ಮಗನೋ ಲೋಹಶಾಸ್ತ್ರ ಓದುತ್ತೇನೆಂದರೆ, ಅದೆಂತಹ ಓದು ಎಂದು ಹುಬ್ಬೇರಿಸಬೇಡಿ. ಮಾರುತ ಕಾದದ್ದು ಅಂತಹವರಿಗಾಗಿಯೇ.